ಚೆಂಡು ಕೊಟ್ಟವನ ಹೆಸರು

"ಏ ಕಮಲಾಪುರದವನ! ಬಾಳೆಹಣ್ಣಿನ ಬುಟ್ಟಿ ಹೊರೋದು ಬಿಟ್ಟು ಇಲ್ಲ್ಯಾಕ ಬಂದೀ? ಆಡಾಕ ಬಂದೀಯೋ, ಮಂದಿ ತಾಟಿನ್ಯಾಗಿನ ರೊಟ್ಟಿ ಕಸಗೊಳ್ಳಾಕ ಬಂದೀಯೋ?"

ಗಿರಣಿ ಮೈದಾನದ ಸುತ್ತ ಕೂತಿದ್ದ ಇನ್ನೂರು ಮಂದಿ ಗೊಳ್ಳೆಂದು ನಕ್ಕರು.

ಮಾತು ಆಡಿದವಳು ಶೇವಂತಾ. ಹತ್ತೊಂಬತ್ತರ ಹುಡುಗಿ. ಕೈಯಲ್ಲಿ ಸೀಮೆಸುಣ್ಣ, ಬೆನ್ನ ಹಿಂದೆ ಗೋಲು ಬರೆಯುವ ಕರಿಹಲಗೆ.

ಮಾತು ತಿಂದವನು ಮಾಪಣ್ಣ. ಕಲಬುರಗಿಯ ಚಂದ್ರಪ್ರಭಾ ಬಟ್ಟೆ ಗಿರಣಿಯ ಬಾಸ್ಕೆಟ್‌ಬಾಲ್ ತಂಡಕ್ಕೆ ಆ ವಾರವಷ್ಟೇ ಭರ್ತಿಯಾಗಿದ್ದ ಹೊಸ ಆಳು. ಮೊದಲ ಆಟದಲ್ಲೇ ಮೂರು ಗೋಲು ಹಾಕಿದ್ದ. ಶೇವಂತಾಳ ಅಣ್ಣ ದತ್ತಪ್ಪ ಅಂದು ಒಂದೂ ಹಾಕಿರಲಿಲ್ಲ!

ಮಾಪಣ್ಣ ತೋಳಿನಿಂದ ಮುಖದ ಬೆವರು ಒರೆಸಿಕೊಂಡ. ಅವಳನ್ನೇ ನೋಡಿದ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಉರಿಯಿತು.

"ಯಾಕ? ಬಾಯಿ ಇಲ್ಲೇನು?"

ಅವನು ಬಗ್ಗಿ, ಕೈಯಲ್ಲಿದ್ದ ಚೆಂಡನ್ನು ಅವಳ ಕಾಲ ಹತ್ತಿರ ಮೆಲ್ಲಗೆ ಇಟ್ಟ. ತಿರುಗಿ ನಡೆದುಬಿಟ್ಟ.

"ನೋಡ್ರೆ ಅವನ ಸೊಕ್ಕು!" ಎಂದು ಶೇವಂತಾ ಗೆಳತಿಯರ ಕಡೆ ತಿರುಗಿದಳು. ಎದೆ ಮಾತ್ರ ಗಿರಣಿಯ ಮಗ್ಗದ ಹಾಗೆ ಬಡಿದುಕೊಳ್ಳುತ್ತಿತ್ತು.

'ಇದು ಸಿಟ್ಟು. ಸಿಟ್ಟಲ್ಲದ ಮತ್ತೇನು?' ಎಂದು ತನಗೆ ತಾನೇ ಹೇಳಿಕೊಂಡಳು.

*

ಪೊಲೀಸ್ ಆಕ್ಷನ್ ಆಗಿ ಮೂರು ವರ್ಷ ಕಳೆದಿತ್ತು. ನಿಜಾಮನ ರಾಜ್ಯ ಹೋಗಿತ್ತು, ಕಚೇರಿಗಳ ಮೇಲೆ ಹೊಸ ಬಾವುಟ ಹಾರುತ್ತಿತ್ತು. ಆದರೆ ಬೆಳಗಿನ ಆರು ಗಂಟೆಗೆ ಗಿರಣಿ ಗೇಟಿನ ಮುಂದೆ ಕೈಕಟ್ಟಿ ನಿಲ್ಲುವವರು ಮಾತ್ರ ಅವರೇ. ಬದಲಿಯವರು!

ಬದಲಿ ಅಂದರೆ ಏನಂತೀರಿ? ಪಕ್ಕಾ ಕೆಲಸದವನು ಯಾವನೋ ಜ್ವರ ಬಂದು ಮಲಗಬೇಕು. ಆಗ ಗೇಟಿನ ಮುಂದೆ ನಿಂತ ಐವತ್ತು ಮಂದಿಯಲ್ಲಿ ಒಬ್ಬನನ್ನು ಬೆರಳು ಮಾಡಿ ಒಳಗೆ ಕರೆಯುತ್ತಾರೆ. ಉಳಿದ ನಲವತ್ತೊಂಬತ್ತು ಮಂದಿ ಮನೆಗೆ ಹೋಗಿ ಹೆಂಡತಿ ಮಕ್ಕಳ ಮುಖ ನೋಡಬೇಕು. ಅಷ್ಟೇ.

ಆಟಗಾರರಿಗೆ ಮಾತ್ರ ಗಿರಣಿ ಪಕ್ಕಾ ಕೆಲಸ ಕೊಡುತ್ತಿತ್ತು. ಅದಕ್ಕೂ ಒಂದು ಕಾಯಿದೆ ಇತ್ತು. ಕಾಯಿದೆ ಮಾಡಿದವನು ಹಣಮಂತರಾಯ ಮಾಸ್ತರ. ಮಗ್ಗದ ಖಾತೆಗೆ ಹಿರಿಯ, ಆಟಕ್ಕೂ ಅವನೇ ಹಿರಿಯ. ಜೀವಮಾನವೆಲ್ಲ ಯಾರು ಎಷ್ಟು ಥಾನು ಬಟ್ಟೆ ನೇಯ್ದರು ಅಂತ ಎಣಿಸಿದ ಮನುಷ್ಯ. ಆಟವನ್ನೂ ಹಾಗೆಯೇ ಎಣಿಸಿದ! ಹಂಗಾಮು ಮುಗಿದಾಗ ಐವರಲ್ಲಿ ಯಾರ ಗೋಲು ಕಡಿಮೆಯೋ ಅವನ ಹೆಸರು ಬದಲಿ ಪಟ್ಟಿಗೆ.

ಹಿಂದಿನ ವರ್ಷದವರೆಗೆ ದತ್ತಪ್ಪನಿಗೆ ಚಿಂತೆ ಇರಲಿಲ್ಲ. ರಿಂಗಿನ ಕೆಳಗೆ ಬಂಡೆಯ ಹಾಗೆ ನಿಲ್ಲುತ್ತಿದ್ದ. ಹಳೆಯ ಗೆಳೆಯರು ಚೆಂಡು ತಂದು ಕೊಡುತ್ತಿದ್ದರು, ಅವನು ಹಾಕುತ್ತಿದ್ದ. ಈ ವರ್ಷ ಆ ಹಳಬರಲ್ಲಿ ಇಬ್ಬರು ಸೊಲ್ಲಾಪುರದ ಗಿರಣಿಗೆ ಹೋದರು. ಅವರ ಜಾಗಕ್ಕೆ ಇಬ್ಬರು ಹೊಸಬರು ಬಂದರು. ಒಬ್ಬ ಹೈದರಾಬಾದಿನ ವಹಾಬ್. ಲೈಟಿನ ಕಂಬದಷ್ಟು ಎತ್ತರ, ಎಲ್ಲಿಂದ ಬೇಕಾದರೂ ಎಸೆಯುವವನು. ಇನ್ನೊಬ್ಬ ಈ ಮಾಪಣ್ಣ.

ಚೆಂಡು ಒಂದೇ. ಆಟದ ಹೊತ್ತೂ ಅಷ್ಟೇ. ಮೊದಲು ಒಬ್ಬನ ಕೈಗೆ ಬರುತ್ತಿದ್ದ ಅವಕಾಶ ಈಗ ಮೂವರಲ್ಲಿ ಹರಿದು ಹಂಚಿಹೋಗುತ್ತಿತ್ತು.

ಶೇವಂತಾಳ ಹೊಟ್ಟೆ ಉರಿಯದೆ ಇದ್ದೀತೇ? ಅಪ್ಪ ಇಲ್ಲದ ಮನೆ. ಅವ್ವ ಪುತಳಾಬಾಯಿಗೆ ದಮ್ಮು. ಶೇವಂತಾ ಗಿರಣಿಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಎಂದರೆ, ಮಗ್ಗಕ್ಕೆ ಬೇಕಾದ ನೂಲನ್ನು ಸಣ್ಣ ಕಡ್ಡಿಗೆ ಸುತ್ತಿಕೊಡುವ ಕೆಲಸ. ಆ ಕೂಲಿ ಉಪ್ಪು ಎಣ್ಣೆಗೆ ಸರಿಯಾಗುತ್ತಿತ್ತು. ಒಲೆ ಹೊತ್ತುತ್ತಿದ್ದುದು ಅಣ್ಣನ ಪಕ್ಕಾ ಕೆಲಸದಿಂದ.

ಆ ಸಂಜೆ ಶಹಾಬಜಾರದ ಓಣಿಯ ಮನೆಯಲ್ಲಿ ರೊಟ್ಟಿ ಮುರಿಯುತ್ತಾ ದತ್ತಪ್ಪ ಕೇಳಿದ, "ಆ ಹುಡುಗಗ ಎಲ್ಲಾರ ಮುಂದ ಯಾಕ ಹಂಗಂದೀ?"

"ನಿನ್ನ ಗೋಲು ಕಸಗೊಂಡಾನ!"

"ಗೋಲೇನು ನಮ್ಮಪ್ಪ ನನ್ನ ಹೆಸರಿಗೆ ಬರೆದಿಟ್ಟು ಹೋದ ಹೊಲ ಏನು?"

"ನೀ ಹಿಂಗ ನಕ್ಕೋತ ಕೂಡು. ಗೇಟಿನ ಮುಂದ ನಿಂತಾಗ ಗೊತ್ತಾಗ್ತದ!"

ಒಲೆಯ ಮುಂದಿದ್ದ ಪುತಳಾಬಾಯಿ ಕೆಮ್ಮುತ್ತಲೇ ಅಂದಳು, "ಹುಡುಗ ತಿರುಗಿ ಏನರೆ ಅಂದನೇನ?"

"ಏನೂ ಅನ್ನಲಿಲ್ಲ, ಯವ್ವಾ. ಸುಮ್ಮನ ಹ್ವಾದ," ಅಂದ ದತ್ತಪ್ಪ.

"ಹಂಗಾದ್ರ ಒಳ್ಳೆ ಮನಿ ಹುಡುಗನ ಇರಬೇಕು ತಗೋ."

ಶೇವಂತಾ ಮುಖ ತಿರುಗಿಸಿಕೊಂಡಳು. ಕಣ್ಣ ಮುಂದೆ ಮಾತ್ರ... ಕಾಲ ಬಳಿ ಮೆಲ್ಲಗೆ ಇಟ್ಟ ಆ ಚೆಂಡು!

*

ಎರಡನೆಯ ಆಟದಲ್ಲಿ ಒಂದು ವಿಚಿತ್ರ ನಡೆಯಿತು.

ಮಾಪಣ್ಣ ಒಂದು ಸಲವೂ ರಿಂಗಿನ ಕಡೆ ಎಸೆಯಲಿಲ್ಲ. ದತ್ತಪ್ಪ ಐದು ಗೋಲು ಹಾಕಿದ!

ಮೂರನೆಯದರಲ್ಲೂ ಅಷ್ಟೇ. ನಾಲ್ಕನೆಯದರಲ್ಲೂ ಅಷ್ಟೇ. ಹಲಗೆಯ ಮೇಲೆ ದತ್ತಪ್ಪನ ಹೆಸರಿನ ಮುಂದೆ ಗೆರೆಗಳು ಸಾಲುಗಟ್ಟಿದವು, ವಹಾಬನ ಮುಂದೆಯೂ ಸಾಲುಗಟ್ಟಿದವು. ಮಾಪಣ್ಣನ ಮುಂದೆ ಬರಿಯ ಕರಿ.

"ಕಮಲಾಪುರದ ಹಣ್ಣು ಮೂರ ದಿನಕ್ಕ ಕೊಳೀತು ನೋಡ್ರೋ!" ಅಂತ ಮಂದಿ ಕೂಗಿದರು.

ಶೇವಂತಾಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಅವಳೊಬ್ಬಳೇ ಅವನ ಕೈ ನೋಡುತ್ತಿದ್ದಳು. ಹಗೆ ಅಂತ ನೋಡತೊಡಗಿದ್ದಳು, ಆಮೇಲೆ ಬಿಡಲಾಗಲಿಲ್ಲ. ಆ ಕೈ ಏನು ಮಾಡುತ್ತದೆ ಗೊತ್ತೇ? ಕಣ್ಣು ಬಲಕ್ಕೆ ನೋಡುತ್ತದೆ, ಚೆಂಡು ಎಡಕ್ಕೆ ಹೋಗುತ್ತದೆ. ಎದುರಾಳಿಗಳು ಇಬ್ಬರು ಅವನ ಮೇಲೆ ಬೀಳುತ್ತಾರೆ, ಅಷ್ಟರಲ್ಲಿ ಚೆಂಡು ಅವರ ಕಂಕುಳ ಕೆಳಗಿಂದ ಜಾರಿ ದತ್ತಪ್ಪನ ಅಂಗೈಯಲ್ಲಿ ಕೂತಿರುತ್ತದೆ! ಅಣ್ಣ ಕೈ ಚಾಚಿದರೆ ಸಾಕು.

ಆಟ ಮುಗಿದ ಮೇಲೆ ನೀರು. ಮೈದಾನದಲ್ಲಿ ಚೆಂಡು ಯಾರ ಕೈಗೆ ಹೋಗಲೂ ಜಾತಿ ಕೇಳುತ್ತಿರಲಿಲ್ಲ. ಮೂಲೆಯ ನೀರಿನ ಗಡಿಗೆ ಮಾತ್ರ ಕೇಳುತ್ತಿತ್ತು. ದತ್ತಪ್ಪ, ಮಾಪಣ್ಣ ಬೊಗಸೆ ಒಡ್ಡಿ ನಿಲ್ಲಬೇಕು, ಮಾಸ್ತರನ ಆಳು ಮೇಲಿಂದ ಹೊಯ್ಯಬೇಕು. ಮಾಪಣ್ಣ ಬೊಗಸೆ ಒಡ್ಡುತ್ತಿರಲಿಲ್ಲ. ಒಣಗಿದ ಗಂಟಲಲ್ಲೇ, ತಲೆ ಎತ್ತಿಕೊಂಡು, ಅಲ್ಲಿಂದ ದೂರದ ಸೇದುಬಾವಿಗೆ ನಡೆದು ಹೋಗುತ್ತಿದ್ದ.

ಅದನ್ನೂ ಶೇವಂತಾ ನೋಡಿದಳು. 'ಸೊಕ್ಕಿನವನಲ್ಲ ಇವ... ಮಾನ ಇದ್ದವ' ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಮರುದಿನ ಕಂಡಿಕೆ ಖಾತೆಯಲ್ಲಿ ಪಕ್ಕದ ಲತೀಫಾ ಕಿಸಕ್ಕನೆ ನಕ್ಕಳು.

"ಏ ಶೇವಂತಾ! ನೀ ಅಂದದ್ದು ಆ ಕಮಲಾಪುರದವಗ ಭಾಳ ನಾಟೇದ ನೋಡವ್ವ. ನಿಮ್ಮಣ್ಣಗ ಗೋಲು ದಾನ ಮಾಡಾಕತ್ಯಾನಂತ. ಎಲ್ಲಾರೂ ಅದೇ ಮಾತಾಡಾಕತ್ತಾರ!"

ದಾನ!

ಶೇವಂತಾಳ ಕೈಯಲ್ಲಿ ನೂಲು ತುಂಡಾಯಿತು.

ನಮ್ಮಣ್ಣ ಭಿಕ್ಷೆ ಬೇಡುವವನೇ? ನಾವೇನು ಅವನ ಮನೆ ಬಾಗಿಲಿಗೆ ಹೋಗಿ ಜೋಳಿಗೆ ಒಡ್ಡಿದೆವೇ?

"ಐತವಾರ ಬರ್ಲಿ. ಅವನ ಊರಿಗೇ ಹೋಗಿ ಕೇಳ್ತೀನಿ!"

*

ಕಮಲಾಪುರದಲ್ಲಿ ಪುತಳಾಬಾಯಿಯ ಅಕ್ಕ ಇದ್ದಳು. ನೆಪಕ್ಕೆ ಅಷ್ಟು ಸಾಕು. ಐತವಾರ ಬೆಳಿಗ್ಗೆ ತಾಯಿ ಮಗಳು ಆ ದಾರಿಯಲ್ಲೇ ಹೋಗುವ ಹುಮನಾಬಾದಿನ ಮೋಟಾರ್ ಬಸ್ಸು ಹತ್ತಿದರು. ಅವ್ವ ದೊಡ್ಡವ್ವನ ಮನೆಯಲ್ಲಿ ಮಾತಿಗೆ ಕೂತಳು. ಶೇವಂತಾ ಕೇಳಿಕೊಂಡು ಕೇಳಿಕೊಂಡು ಮಾಪಣ್ಣನ ಮನೆ ಮುಂದೆ ಹೋಗಿ ನಿಂತಳು.

ಅಂಗಳದಲ್ಲಿ ಕೆಂಪು ಬಾಳೆಗೊನೆಗಳ ರಾಶಿ. ಅದರ ನಡುವೆ ಅವನ ತಾಯಿ ಭೀಮಬಾಯಿ ಚಿಪ್ಪು ಬಿಡಿಸುತ್ತಿದ್ದಳು.

"ಯಾರವ್ವ ನೀನು?"

"ಕಲಬುರಗಿಯಾಕಿ. ನಿಮ್ಮ ಮಗನ ಜೋಡಿ ಜಗಳಾಡೋದದಾ."

ಭೀಮಬಾಯಿ ಕಣ್ಣರಳಿಸಿ ನಕ್ಕಳು. "ಜಗಳಾ? ಆಡು, ಆಡು! ಅವನ ಬಾಯಾಗಿಂದ ನಾಕು ಮಾತು ಬರಿಸಿದ್ಯಂದ್ರ ನಿನಗೊಂದು ಗೊನಿ ಪುಕ್ಕಟ ಕೊಡ್ತೀನಿ. ಹಿತ್ತಲ್ದಾಗ ಹಾನ, ಹೋಗು."

ಹಿತ್ತಲಿನಲ್ಲಿ ಬೇವಿನ ಮರ. ಮರಕ್ಕೆ ಎತ್ತರದಲ್ಲಿ ಒಂದು ಬಾಳೆಹಣ್ಣಿನ ಬುಟ್ಟಿ ಬಿಗಿದಿತ್ತು. ತಳವೇ ಇಲ್ಲದ ಬುಟ್ಟಿ! ಅದರ ಕೆಳಗೆ ಚಿಂದಿ ಸುತ್ತಿ ಮಾಡಿದ ಚೆಂಡು ಹಿಡಿದು ಮಾಪಣ್ಣ ನಿಂತಿದ್ದ.

ಅವಳನ್ನು ಕಂಡು ಚೆಂಡು ಕೈಜಾರಿತು.

"ನೀವು... ಇಲ್ಲಿ?"

"ನಮ್ಮಣ್ಣಗ ದಾನ ಮಾಡಾಕ ನೀ ಯಾವ ಊರ ದೇಸಾಯಿ?" ಅವಳ ದನಿ ನಡುಗುತ್ತಿತ್ತು. "ನಾ ಅಂದದ್ದು ಚುಚ್ಚಿದ್ರ ನನಗ ಎರಡು ಬೈ. ತಿರುಗಿ ಬೈ! ಆದ್ರ ನಮ್ಮಣ್ಣನ ಮ್ಯಾಲ ಕನಿಕರ ತೋರಿಸಬ್ಯಾಡ. ಉಪಾಸ ಬಿದ್ದರೂ ನಾವು ಎಂಜಲಾ ತಿನ್ನೋ ಮಂದಿ ಅಲ್ಲ!"

ಅವನು ಚೆಂಡು ಎತ್ತಿ ಅವಳಿಗೆ ಕೊಟ್ಟ.

"ಬುಟ್ಟಿಗೆ ಒಗೀರಿ."

"ಏನು?"

"ಒಗೀರಿ. ಆಮ್ಯಾಲ ಬೈಯುವಿರಂತ."

ಅವಳು ಹಟದಿಂದ ಎಸೆದಳು. ಬೇವಿನ ಎಲೆ ಉದುರಿತು. ಇನ್ನೊಮ್ಮೆ ಎಸೆದಳು. ಮತ್ತೊಮ್ಮೆ... ಊಹೂಂ.

"ಈಗ ಓಡಿ ಬರ್ರಿ. ಆ ಕಲ್ಲಿನ ಹತ್ರ ಬಂದಾಗ ಕೈ ಎತ್ರಿ, ಅಷ್ಟೇ. ನನ್ನ ನೋಡಬ್ಯಾಡ್ರಿ, ಬುಟ್ಟಿ ನೋಡ್ರಿ."

ಯಾಕೆ ಒಪ್ಪಿದಳೋ ಅವಳಿಗೇ ಗೊತ್ತಿಲ್ಲ. ಸೀರೆ ನೆರಿಗೆ ಎತ್ತಿ ಸಿಕ್ಕಿಸಿ ಓಡಿದಳು. ಕಲ್ಲಿನ ಹತ್ತಿರ ಕೈ ಎತ್ತಿದಳು. ಎತ್ತಿದ ಕೈಗೆ ಚೆಂಡು ಹಕ್ಕಿಯಂತೆ ಬಂದು ಕೂತಿತು. ಅದೇ ಓಟದಲ್ಲಿ ಮೇಲಕ್ಕೆ ಬಿಟ್ಟಳು...

ತಳವಿಲ್ಲದ ಬುಟ್ಟಿಯೊಳಗಿಂದ ಚೆಂಡು ಜಾರಿ ನೆಲಕ್ಕೆ ಬಿತ್ತು!

"ಬಿತ್ತು! ಬಿತ್ತು!" ಶೇವಂತಾ ಚಪ್ಪಾಳೆ ತಟ್ಟಿ ಕುಣಿದಳು. ಆಮೇಲೆ ಜಗಳಕ್ಕೆ ಬಂದದ್ದು ನೆನಪಾಗಿ ಸೆರಗು ಸರಿಮಾಡಿಕೊಂಡಳು.

"ಇದು ದಾನ ಏನ್ರಿ?" ಮಾಪಣ್ಣ ಕೇಳಿದ. "ನೀವು ಓಡಿ ಬರಲಿಲ್ಲಂದ್ರ ನಾ ಯಾರಿಗೆ ಕೊಡ್ತಿದ್ದೆ? ನಿಮ್ಮಣ್ಣ ನಿಂತ ಜಾಗಾದಾಗ ನಿಲ್ಲಾಕ ನಮಗ ಯಾರಿಗೂ ಬರಂಗಿಲ್ಲ. ಇಬ್ಬರು ಬೆನ್ನ ಮ್ಯಾಲ ಬಿದ್ದರೂ ಅಲಗಾಡಂಗಿಲ್ಲ ಅವ. ಮೊದಲ ದಿನ ನನಗದು ಗೊತ್ತಾಗಲಿಲ್ಲ, ನಾನ ಒಗದೆ. ನೀವು ಬೈದ ಮ್ಯಾಲ ಅವನ್ನ ನೆಟ್ಟಗ ನೋಡ್ದೆ. ಚಂದಾಗಿ ಆಡೋನ ಕೈಗೆ ಚೆಂಡು ಹೋಗಬೇಕು. ಅದು ಕನಿಕರ ಅಲ್ಲ, ಆಟ."

ಭೀಮಬಾಯಿ ಹೇಳಿದ್ದಕ್ಕಿಂತ ಹತ್ತು ಪಟ್ಟು ಮಾತು ಬಂದಿತ್ತು!

"ಈ ಆಟ ಎಲ್ಲಿ ಕಲ್ತಿರಿ?" ಅವಳಿಗೆ ತಿಳಿಯದೆಯೇ 'ರಿ' ಹತ್ತಿತ್ತು.

"ಪೊಲೀಸ್ ಆಕ್ಷನ್ ಆದಾಗ ನಮ್ಮೂರ ಹೊರಗ ಪಲ್ಟನ್ ಇಳಿದಿತ್ತಲ್ಲ, ಅವರಿಗೆ ದಿನಾ ಹಣ್ಣು ಒಯ್ದು ಕೊಡ್ತಿದ್ದೆ. ಜವಾನರು ಸಂಜಿಗೆ ಆಡ್ತಿದ್ರು, ಒಬ್ಬ ಕಡಿಮಿ ಬಿದ್ದಾಗ ನನ್ನ ಕರೀತಿದ್ರು. ಹೋಗೋ ದಿನ ಒಬ್ಬ ಹಣ್ಣಿನ ಬುಟ್ಟಿ ತಳಾ ಕೊಯ್ದು ಮರಕ್ಕ ಕಟ್ಟಿ ಹ್ವಾದ." ನಕ್ಕ. "ಬುಟ್ಟಿ ಹೊರೋವ ಅಂತ ನೀವು ಅಂದದ್ದು ಸುಳ್ಳಲ್ಲ ಬಿಡ್ರಿ."

ಶೇವಂತಾಳ ಮುಖಕ್ಕೆ ರಕ್ತ ನುಗ್ಗಿತು. ನೆಲ ಬಿರಿಯಬಾರದೇ!

"ಆದ್ರ... ನಿಮ್ಮ ಗೋಲು? ಹಂಗಾಮು ಮುಗಿದ ಮ್ಯಾಲ ನಿಮ್ಮ ಹೆಸರು ಬದಲಿಗೆ ಬೀಳ್ತದಲ್ಲ!"

"ಬೀಳ್ತದ."

"ಗೊತ್ತಿದ್ದೂ...?"

"ಕೆಟ್ಟ ಆಟ ಆಡಿ ಪಕ್ಕಾ ಆಗೋದು ನನಗ ಬ್ಯಾಡ." ಇಷ್ಟೇ ಹೇಳಿ ಅವನು ಒಳಗಿನಿಂದ ಕೆಂಪು ಬಾಳೆಹಣ್ಣಿನ ಚಿಪ್ಪು ತಂದು ಅವಳ ಕೈಗಿಟ್ಟ. "ಅವ್ವಗ ಕೊಡ್ರಿ. ದಾನ ಅಲ್ಲ... ಬಂದೋರಿಗೆ ಕೊಡೋದು."

ಮೋಟಾರಿನಲ್ಲಿ ಕಲಬುರಗಿಗೆ ಮರಳುವಾಗ ಶೇವಂತಾಳ ಮಡಿಲಲ್ಲಿ ಹಣ್ಣು. ತಲೆಯಲ್ಲಿ ಒಂದೇ ಯೋಚನೆ.

'ನಾ ದಿನಾ ನೂರಾರು ಕಂಡಿಕಿ ಸುತ್ತತೀನಿ. ನನ್ನ ಕಂಡಿಕಿ ಇಲ್ಲಂದ್ರ ಮಗ್ಗ ಒಂದ ಗೇಣೂ ನಡಿಯಂಗಿಲ್ಲ. ಆದ್ರ ಥಾನಿನ ಮ್ಯಾಲ ಬೀಳೋದು ನೇಯ್ದವನ ಹೆಸರು. ಸುತ್ತಿದಾಕಿ ಹೆಸರು ಯಾರು ಬರೀತಾರ? ಇದಕ್ಕಾಗಿ ನಾನು ಎಷ್ಟು ಸಲ ಅತ್ತೀನಿ! ಇವನೂ ನನ್ನಂಗ ಕಂಡಿಕಿ ಸುತ್ತೋವನ... ಎಲ್ಲಾ ಬಿಟ್ಟು ನಾನೇ ಅವನ್ನ ಗುರ್ತಾ ಹಿಡೀಲಿಲ್ಲಲ್ಲ!'

ಪುತಳಾಬಾಯಿ ಮಗಳ ಮುಖ ನೋಡಿ, ಒಂದು ಹಣ್ಣು ಸುಲಿದು ಬಾಯಿಗಿಟ್ಟುಕೊಂಡಳು.

"ಸಿಹಿ ಅದಾವ," ಅಂದಳು.

*

ಹಂಗಾಮಿನ ಕೊನೆಯ ಆಟ, ಶನಿವಾರ ಸಂಜೆ. ಎದುರಿಗೆ ರೈಲ್ವೆಯವರ ತಂಡ. ಆರು ವರ್ಷದಿಂದ ಗಿರಣಿಯವರು ಅವರನ್ನು ಸೋಲಿಸಿರಲಿಲ್ಲ!

ಮೈದಾನದ ಗೋಡೆಯ ಮೇಲೆಲ್ಲ ಮಂದಿ. ಮೊದಲ ಅರ್ಧದಲ್ಲಿ ರೈಲ್ವೆಯವರು ಮುಂದಿದ್ದರು. ಆಮೇಲೆ ಮಾಪಣ್ಣನ ಕೈ ಚಳಕ ಶುರುವಾಯಿತು. ದತ್ತಪ್ಪನಿಗೆ ಒಂದು, ವಹಾಬನಿಗೆ ಒಂದು, ತಂಡದ ಹಳಬರಾದ ಸಾಯಬಣ್ಣನಿಗೆ, ಚಂದ್ರಶಾನಿಗೆ... ಯಾರು ಓಡಿದರೆ ಅವರ ಕೈಗೆ! ಕೊನೆಗೆ ಯಾರೂ ತೆರವಿಲ್ಲದಾಗ ಮಾತ್ರ ತಾನೇ ಒಂದು ಹಾಕಿದ.

ಸೀಟಿ ಕೇಳಿತು. ಗಿರಣಿಯವರದು ಹದಿನಾರು ಗೋಲು, ರೈಲ್ವೆಯವರದು ಹದಿಮೂರು.

ಗೆದ್ದರು!

ಗಿರಣಿ ಮಂದಿ ರುಮಾಲು ಹಾರಿಸಿದರು. ಕಣ್ಣಿಗೆ ಪೊರೆ ಬಂದ ಮುದುಕ ನಬಿಸಾಬ್, ಶೇವಂತಾಳಿಗಿಂತ ಮೊದಲು ಹಲಗೆ ಬರೆಯುತ್ತಿದ್ದವರು, "ಯಾರು ಗೆದ್ರವ್ವ? ನಾವ ಏನು? ನಾವ ಏನು?" ಅಂತ ಕೇಳಿ ಕೇಳಿ ಅತ್ತರು.

ಆಗ ಹಣಮಂತರಾಯ ಮಾಸ್ತರ ಚೀಟಿ ಹಿಡಿದು ಎದ್ದ.

"ಶಾಂತ್ ಇರ್ರಿ! ಈ ವರ್ಷದ ಲೆಕ್ಕಾ ಓದ್ತೀನಿ. ವಹಾಬ್, ಮೂವತ್ತೆಂಟು. ದತ್ತಪ್ಪ, ಮೂವತ್ತೊಂದು. ಸಾಯಬಣ್ಣ, ಹತ್ತೊಂಬತ್ತು. ಚಂದ್ರಶಾ, ಹದಿನೇಳು. ಮಾಪಣ್ಣ..." ಮೂಗಿನಲ್ಲಿ ನಕ್ಕ. "ಎಂಟು! ಹತ್ತು ಆಟಕ್ಕ ಎಂಟು! ಸೋಮವಾರದಿಂದ ಬದಲಿ ಪಟ್ಟಿ."

ಮಾಪಣ್ಣ ಗೋಡೆಗೆ ತೂಗುಹಾಕಿದ್ದ ಅಂಗಿ ತೆಗೆದುಕೊಂಡ.

"ಮಾಸ್ತರ್ರೀ!"

ಹೆಣ್ಣು ದನಿ! ಎಲ್ಲರೂ ತಿರುಗಿದರು. ಶೇವಂತಾ ಹಲಗೆಯ ಮುಂದೆ ನಿಂತಿದ್ದಳು. ಕೈಯಲ್ಲಿ ಸೀಮೆಸುಣ್ಣವಿರಲಿಲ್ಲ. ಒದ್ದೆ ಅರಿವೆ ಇತ್ತು.

"ನಿನ್ನ ಕೆಲಸ ಬರೆಯೋದು. ಬರದೀ, ಮುಗೀತು," ಮಾಸ್ತರ ಗದರಿದ.

"ತಪ್ಪು ಬರದೀನ್ರಿ. ಒರಸಬೇಕು." ಅವಳು ಅಣ್ಣನ ಕಡೆ ತಿರುಗಿದಳು. ಯಾರ ಕೆಲಸ ಉಳಿಸಲೆಂದು ಇಷ್ಟೆಲ್ಲ ಮಾಡಿದ್ದಳೋ, ಈಗ ಅವನನ್ನೇ ಕೇಳಬೇಕು! "ಅಣ್ಣಾ... ಇವತ್ತ ನಿನ್ನವು ಆರು ಗೋಲು. ಮಾಪಣ್ಣ ಚೆಂಡು ಕೊಡದಿದ್ರ ಇದರಾಗ ಎಷ್ಟು ಇರಂಗಿಲ್ಲ? ಖರೇ ಹೇಳು."

ಗೋಡೆಯ ಮೇಲಿದ್ದವರು ಮುಂದಕ್ಕೆ ಬಗ್ಗಿದರು.

ದತ್ತಪ್ಪ ತಂಗಿಯನ್ನು ನೋಡಿದ. ಮಾಪಣ್ಣನನ್ನು ನೋಡಿದ. ಎದೆಯುಬ್ಬಿಸಿ ಮುಂದೆ ಬಂದ.

"ಐದು. ಒರಸು!"

ಅವಳು ಐದು ಗೆರೆ ಒರೆಸಿದಳು. ಅಣ್ಣನ ಹೆಸರಿನ ಮುಂದೆ ಒಂದೇ ಉಳಿಯಿತು.

"ಅರೇ, ನನ್ನ ಯಾಕ ಬಿಟ್ಟಿ ಬಹೆನ್?" ಎಂದು ವಹಾಬ್ ಉದ್ದ ಕಾಲು ಹಾಕುತ್ತಾ ಬಂದ. "ನಂದು ಐದರಾಗ ಮೂರು ಅವನ್ದು. ಪೋಂಛ್ ಡಾಲ್! ಒರಸಿಬಿಡು!"

"ನನ್ನ ಎರಡೂ ಒರಸವ್ವ," ಅಂದ ಸಾಯಬಣ್ಣ.

"ನಂದೊಂದು," ಅಂದ ಚಂದ್ರಶಾ.

ಒದ್ದೆ ಹಲಗೆಯ ಮೇಲೆ ಐದೇ ಐದು ಗೆರೆ ಉಳಿದವು. ಪಕ್ಕದಲ್ಲಿ ರೈಲ್ವೆಯವರ ಹದಿಮೂರು ಗೆರೆ ಬೆಳ್ಳಗೆ ಹಾಗೇ ಇದ್ದವು.

"ಈಗ ಓದ್ರಿ ಮಾಸ್ತರ್ರೀ." ಶೇವಂತಾಳ ದನಿ ಈಗ ನಡುಗಲಿಲ್ಲ. "ಇವತ್ತ ಗೆದ್ದವರು ಯಾರು? ಥಾನು ಎಣಸ್ತೀರಿ ನೀವು. ಕಂಡಿಕಿ ಸುತ್ತೋರನ್ನ ಎಂದಾರ ಎಣಸೀರೇನು? ನಾವು ಒಂದ ದಿನ ಕೈ ಕಟ್ಟಿ ಕೂತ್ರ ನಿಮ್ಮ ಮಗ್ಗ ಏನು ಗಾಳಿ ನೇಯ್ತಾವೇನು?"

ಕಂಡಿಕೆ ಖಾತೆಯ ಹೆಂಗಸರ ಗುಂಪಿನಿಂದ "ಹೌದಲ್ಲ ಮತ್ತ!" ಅಂತ ಲತೀಫಾ ಕೂಗಿದಳು. ಉಳಿದವರೂ ದನಿಗೂಡಿಸಿದರು.

ಮಾಸ್ತರನ ಮುಖ ಕೆಂಪೇರಿತು. "ಕಾಯಿದೆ ಅಂದ್ರ ಕಾಯಿದೆ!"

ವಹಾಬ್ ತಣ್ಣಗೆ ಅಂದ, "ಸಾಬ್, ಬರೋ ತಿಂಗಳು ಹೈದರಾಬಾದ್‌ನ್ಯಾಗ ದೊಡ್ಡ ಆಟ ಅದಾ. ಮಾಪಣ್ಣ ನೈ, ತೋ ಮೈಂ ಭೀ ನೈ."

"ನಾನೂ ಇಲ್ಲ," ಅಂದ ದತ್ತಪ್ಪ. "ನನ್ನ ಹೆಸರು ಬದಲಿಗೆ ಬರೀರಿ. ಅವನ್ದು ಪಕ್ಕಾ ಇರ್ಲಿ."

ಸಾಯಬಣ್ಣ, ಚಂದ್ರಶಾ ಮಾಪಣ್ಣನ ತೋಳು ಹಿಡಿದು ಕರೆತಂದು ಅವರ ಪಕ್ಕ ನಿಂತರು. ಐವರೂ ಒಂದೇ ಸಾಲು!

ಮಾಸ್ತರ ಹಲಗೆ ನೋಡಿದ. ಮಂದಿಯನ್ನು ನೋಡಿದ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ತುರುಕಿದ.

"ಈ ವರ್ಷ ಯಾರೂ ಬದಲಿಗೆ ಹೋಗಂಗಿಲ್ಲ. ಸಾಕೇನು? ನಡೀರಿ ಮನಿಗೆ!"

ಆಮೇಲೆ ಎದ್ದ ಕೂಗು ಊರಿನ ಆ ತುದಿಯ ರೋಜಾದವರೆಗೂ ಕೇಳಿಸಿತ್ತಂತೆ.

ಶೇವಂತಾ ಕೂಗಲಿಲ್ಲ. ನೇರ ಮಾಪಣ್ಣನ ಮುಂದೆ ಹೋಗಿ ನಿಂತಳು. ಎಲ್ಲರೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು:

"ಅವತ್ತ ಎಲ್ಲಾರ ಮುಂದ ಅಂದಿದ್ದೆ. ಇವತ್ತ ಎಲ್ಲಾರ ಮುಂದ ವಾಪಸ್ ತಗೋತೀನಿ. ತಪ್ಪಾಯ್ತ್ರಿ!"

*

ಬಿಸಿಲು ಇಳಿಯುತ್ತಿತ್ತು. ಗೇಟಿನ ಹೊರಗೆ, ಬೇಲಿಯ ಪಕ್ಕ, ಮಾಪಣ್ಣ ಗಂಟು ಹೆಗಲಿಗೇರಿಸಿ ನಿಂತಿದ್ದ. ಶನಿವಾರ ಸಂಜೆಯ ಮೋಟಾರಿಗೆ ಅವನು ಊರಿಗೆ ಹೋಗುವವನು. ದತ್ತಪ್ಪ ಬೇಕಂತಲೇ ಹಿಂದೆ ಉಳಿದು ವಹಾಬನ ಜೊತೆ ಬೀಡಿ ಹಚ್ಚಿದ್ದ.

ಶೇವಂತಾ ಕೈಗೆ ಅಂಟಿದ ಸುಣ್ಣ ಒರೆಸಿಕೊಳ್ಳುತ್ತಾ ಕೇಳಿದಳು, "ಅವತ್ತ ನಾ ಅಷ್ಟು ಅಂದ್ರೂ ಯಾಕ ಉತ್ತರಾ ಕೊಡಲಿಲ್ರಿ?"

"ಕೊಟ್ಟೆನಲ್ಲ."

"ಯಾವಾಗ?"

"ಒಂಬತ್ತು ಆಟದಾಗ ಕೊಟ್ಟೀನಿ. ನಿಮ್ಮಣ್ಣನ ಕೈಯಾಗ."

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. "ಅಷ್ಟೇನಾ?"

ಅವನು ನೆಲ ನೋಡಿದ. ಹೆಬ್ಬೆರಳಿನಿಂದ ಮಣ್ಣು ಕೆದಕಿದ. ಮೈದಾನದಲ್ಲಿ ಎರಡು ಆಳಿಗೆ ಹೆದರದವನು!

"ಅಣ್ಣನ ಮ್ಯಾಲೇ ಇಷ್ಟು ಜೀವ ಇದ್ದಾಕಿ... ಆಕಿ ಮನಸಿನ್ಯಾಗ ಜಾಗಾ ಸಿಕ್ಕವ ಎಷ್ಟು ಪುಣ್ಯಾ ಮಾಡಿರಬೇಕು ಅನಿಸ್ತು. ಅದಕ್ಕ ಅವತ್ತ ಬಾಯಿ ಬರಲಿಲ್ಲ."

ಗೇಟಿನ ಬಳಿಯ ಬೇವಿನ ಮರದ ಮೇಲೆ ಗಿಣಿಗಳ ಗದ್ದಲ. ಶೇವಂತಾಳಿಗೆ ಅದೂ ಕೇಳಿಸಲಿಲ್ಲ.

"ಇದ ಮಾತು..." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು, ನೂಲು ಸುತ್ತಿದ ಹಾಗೆ. "ಇದ ಮಾತು ನಮ್ಮನಿಗೆ ಬಂದು ಅವ್ವನ ಮುಂದ ಅಂತೀರೇನ್ರಿ? ಇವತ್ತ? ಈಗ?"

ಅವನು ತಲೆ ಎತ್ತಿ ಅವಳನ್ನು ನೋಡಿದ. ಮೊದಲ ದಿನದ ಅದೇ ನೋಟ.

ತಿರುಗಿ ನಡೆದುಬಿಟ್ಟ!

ಶೇವಂತಾಳ ಎದೆ ಧಸಕ್ಕೆಂದಿತು. ಅದೇ ಬೆನ್ನು, ಅದೇ ನಡಿಗೆ. ಮೋಟಾರ್ ಸ್ಟ್ಯಾಂಡಿನ ಕಡೆಯಿಂದ ಕಮಲಾಪುರದ ಗಾಡಿಯ ಹಾರ್ನು ಒಂದು ಸಲ ಕೇಳಿತು. ಎರಡು ಸಲ ಕೇಳಿತು.

ಮುಂದಿನ ಕೂಡುರಸ್ತೆಯಲ್ಲಿ ಅವನು ನಿಂತ. ಗಂಟು ಹೆಗಲಿಂದ ಇಳಿಸಿ, ಅಂಗಿಯ ಗುಂಡಿ ಹಾಕಿಕೊಂಡ. ಅಂಗೈಯಿಂದ ಕೂದಲು ಒತ್ತಿ ಸರಿಮಾಡಿಕೊಂಡ.

"ಏ ಮಾಪಣ್ಣ! ಮೋಟಾರ್ ಸ್ಟ್ಯಾಂಡ್ ಎಡಕ್ಕದಾ!" ಹಿಂದಿನಿಂದ ದತ್ತಪ್ಪ ನಗುತ್ತಾ ಕೂಗಿದ.

ಅವನು ಗಂಟು ಮತ್ತೆ ಹೆಗಲಿಗೇರಿಸಿದ. ಬಲಕ್ಕೆ ತಿರುಗಿ,  ಅವಳ ಮನೆಯಿದ್ದ ಶಹಾಬಜಾರದ ಕಡೆಗೆ ನಡೆದ.